ಯಾರ ಮನೆಗೆ ಹೊರಟಿರಿ?

(ಮಾತೆ ಮರಿಯಮ್ಮನವರು ಎಲಿಜಬೇತಮ್ಮನವರನ್ನು ಸಂದರ್ಶಿಸಿದ ಹಬ್ಬದ ಪ್ರಬೋಧನೆ – ಮೇ 31)



ಇಂದು ನಾವು ಆಚರಿಸುತ್ತಿರುವುದು ಒಂದು ಪ್ರಯಾಣದ ಹಬ್ಬ. 1389ರಲ್ಲಿ ಜಗದ್ಗುರು ಆರನೆಯ ಉರ್ಬನ್‌ರವರು ಈ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಬಹುಕಾಲ ಜುಲೈ 2ರಂದು ನಡೆಯುತ್ತಿದ್ದ ಹಬ್ಬ 1969ರಲ್ಲಿ ಮೇ 31ಕ್ಕೆ ಬಂದಿತು. ಸಂತ ಲೂಕರ ಶುಭಸಂದೇಶದ ಮೊದಲನೆಯ ಅಧ್ಯಾಯದಲ್ಲಿ ಈ ಪ್ರಯಾಣದ ವೃತ್ತಾಂತವಿದೆ. ನಜರೇತಿನ ಒಬ್ಬ ಹೆಣ್ಣುಮಗಳು, ಆಗತಾನೇ ದೇವದೂತರ ಸಂದೇಶ ಕೇಳಿದವಳು, ಜುದೇಯದ ಗುಡ್ಡನಾಡಿಗೆ ಹೊರಟಳು. ದಾರಿ ನೂರು ಕಿಲೋಮೀಟರಿಗೂ ಹೆಚ್ಚು. ಅವಳು ಹೋದದ್ದು ಅರಮನೆಗಲ್ಲ, ಜೆರುಸಲೇಮಿನ ಮಹಾದೇವಾಲಯಕ್ಕೂ ಅಲ್ಲ. ವಯಸ್ಸಾದ ಗರ್ಭಿಣಿ ಬಂಧುವೊಬ್ಬರ ಮನೆಗೆ. ಹೋಗಿ, ಕುಶಲ ಕೇಳಿ, ಕಾಫಿ ಕುಡಿದು ಹಿಂದಿರುಗಲಿಲ್ಲ. ಸುಮಾರು ಮೂರು ತಿಂಗಳು ಅಲ್ಲಿಯೇ ಉಳಿದಳು.

ಮರಿಯಮ್ಮನವರು ಆತುರದಿಂದ ಹೊರಟರು ಎಂದು ಶುಭಸಂದೇಶ ತಿಳಿಸುತ್ತದೆ. ಆತುರ ಅವರ ಮನಸ್ಸಿನಲ್ಲಿತ್ತು. ದಾರಿಯಾದರೋ ನಿಧಾನದ ದಾರಿ. ಆ ಕಾಲದ ಪ್ರಯಾಣವೆಂದರೆ ಊರೂರು ದಾಟಿ, ಬಾವಿಕಟ್ಟೆಯಲ್ಲಿ ನೀರು ಕೇಳಿ, ಕತ್ತಲಾದಲ್ಲಿ ತಂಗಿ ಸಾಗುವುದು. ನಮ್ಮಲ್ಲಿ ಈಗ ಎಲ್ಲವೂ ತಿರುಗುಮುರುಗು. ದಾರಿ ವೇಗವಾಗಿದೆ, ಮನಸ್ಸಿಗೆ ಮಾತ್ರ ಅವಸರವಿಲ್ಲ. ‘ಹೋಗಬೇಕು, ನೋಡೋಣ, ಮುಂದಿನ ತಿಂಗಳು ಹೋಗೋಣ’ ಎನ್ನುತ್ತಲೇ ಕಾರಿನಲ್ಲಿ ಅದೇ ಮನೆಯ ಮುಂದೆ ಎಷ್ಟು ಸಲ ದಾಟಿಹೋಗಿಲ್ಲ ನಾವು?

ನಮ್ಮ ಅನೇಕ ಮನೆಗಳ ಜಗುಲಿಯಲ್ಲಿ ಒಂದು ಹಳೆಯ ಸೈಕಲ್ ನಿಂತಿದೆ. 2006–07ರಿಂದ ಸರಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿತು. ಮೊದಲು ಹೆಣ್ಣುಮಕ್ಕಳಿಗೆ, ಆಮೇಲೆ ಗಂಡುಮಕ್ಕಳಿಗೂ. ಕೋವಿಡ್ ಬಂದ ವರ್ಷ ಆ ವಿತರಣೆ ನಿಂತಿತು. ಮೂರು ನಾಲ್ಕು ಮೈಲಿ ನಡೆದು ಶಾಲೆಗೆ ಹೋಗಬೇಕಾಗಿದ್ದ ಎಷ್ಟೋ ಹುಡುಗಿಯರು ಆ ಸೈಕಲ್ಲಿನಿಂದಾಗಿ ಹತ್ತನೆಯ ತರಗತಿ ಮುಗಿಸಿದರು. ಈಗ ಅದರ ಟೈರಿನಲ್ಲಿ ಗಾಳಿಯಿಲ್ಲ, ಚೈನಿಗೆ ತುಕ್ಕು ಹಿಡಿದಿದೆ. ಇಂದಿನ ಹಬ್ಬದಲ್ಲಿ ನಾವು ಆ ಸೈಕಲ್ಲಿನ ಬಗ್ಗೆ ಎರಡು ಮಾತು ಹೇಳಬಯಸುತ್ತೇವೆ.

ಈ ವರ್ಷ ಈಸ್ಟರ್ ಹಬ್ಬ ಕಳೆದ ಮೇಲೆ ಒಂದು ಶನಿವಾರ ನಾವು ಕೆಲವರು, ಯುವಕ ಯುವತಿಯರೂ ಹಿರಿಯರೂ ಸೇರಿ, ಶಿಕಾರಿಪುರದಿಂದ ಬಳ್ಳಿಗಾವಿಯವರೆಗೆ ಸೈಕಲ್ ತುಳಿದೆವು. ದೂರ ಸುಮಾರು 20 ಕಿಲೋಮೀಟರ್. ಬಿಸಿಲು ಏರುವ ಮುನ್ನ ತಲುಪಬೇಕೆಂದು ನಸುಕಿನಲ್ಲೇ ಹೊರಟೆವು. ಶಿರಾಳಕೊಪ್ಪದವರೆಗೆ ಬಸ್ಸು ಲಾರಿಗಳ ಓಡಾಟ ಇದ್ದೇ ಇದೆ. ಎಡಬದಿಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಗಬೇಕು. ಅಲ್ಲಿಂದ ಬಳ್ಳಿಗಾವಿಯ ಕಡೆಗೆ ತಿರುಗಿದರೆ ಸದ್ದು ಅಡಗುತ್ತದೆ. ಕೊಯ್ಲಾದ ಗದ್ದೆ, ಅಡಿಕೆ ತೋಟ, ಕೆರೆಯ ಏರಿ, ಏರಿಯ ಮೇಲೆ ಬೆಳ್ಳಕ್ಕಿ. ಕಾರಿನಲ್ಲಿ ಹೋದಾಗ ಕಾಣದ್ದು ಸೈಕಲ್ಲಿನಲ್ಲಿ ಕಾಣುತ್ತದೆ; ಕೇಳದ್ದು ಕೇಳುತ್ತದೆ. ಯಾರ ಮನೆಯಲ್ಲಿ ಒಲೆ ಉರಿದಿದೆ, ಯಾರ ಬಾಗಿಲಿಗೆ ಬೀಗ ಬಿದ್ದಿದೆ, ಯಾರು ಒಳಗಿನಿಂದ ಕೆಮ್ಮುತ್ತಿದ್ದಾರೆ ಎಂಬುದೂ ತಿಳಿಯುತ್ತದೆ. ‘ನಿಧಾನವೇ ಪ್ರಧಾನ’ ಎಂದು ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ.

ದಾರಿಬದಿಯ ಒಂದು ಮನೆಯಲ್ಲಿ ನೀರು ಕೇಳಿದೆವು. ಒಬ್ಬ ಅಜ್ಜಿ ತಂಬಿಗೆ ತುಂಬ ನೀರು, ಜೊತೆಗೆ ಬೆಲ್ಲ ತಂದುಕೊಟ್ಟರು. ನಮ್ಮ ಜಾತಿ ಕೇಳಲಿಲ್ಲ, ಧರ್ಮ ಕೇಳಲಿಲ್ಲ. ‘ಯಾರ ಮನೆಗೆ ಹೊರಟಿರಿ?’ ಎಂದು ಮಾತ್ರ ಕೇಳಿದರು. ‘ಯಾರ ಮನೆಗೂ ಅಲ್ಲ ಅಜ್ಜಿ, ದೇವಸ್ಥಾನ ನೋಡೋಕೆ’ ಎಂದೆವು. ಆ ತಾಯಿಗೆ ಆಶ್ಚರ್ಯ. ಇಷ್ಟು ಬೆವರು ಸುರಿಸಿ ಬಂದವರು ಯಾರ ಮನೆಗೂ ಹೋಗುವುದಿಲ್ಲವೇ!

ಬಳ್ಳಿಗಾವಿ ಇಂದು ಒಂದು ಸಣ್ಣ ಊರು. ಸಾವಿರ ವರ್ಷಗಳ ಹಿಂದೆ ಅದು ಬನವಾಸಿ ನಾಡಿನ ರಾಜಧಾನಿ. ಕೇದಾರೇಶ್ವರ, ತ್ರಿಪುರಾಂತಕೇಶ್ವರ ದೇಗುಲಗಳು, 1047ರಲ್ಲಿ ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಸ್ತಂಭ ಇಂದಿಗೂ ಅಲ್ಲಿವೆ. ಅಲ್ಲಮಪ್ರಭುಗಳ ಊರು ಅದು. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲ್ಲೂಕಿನಲ್ಲಿದೆ. ಕದಂಬರ ಶಾಸನವಿರುವ ತಾಳಗುಂದವೂ ಸೈಕಲ್ಲಿಗೆ ದೂರವಲ್ಲ. ಒಂದು ಕಾಲದಲ್ಲಿ ಬಳ್ಳಿಗಾವಿಯಲ್ಲಿ ಶಿವ, ವಿಷ್ಣು, ಬ್ರಹ್ಮ, ಜಿನ, ಬುದ್ಧ ಎಂಬ ಐವರಿಗೂ ಮಠಗಳಿದ್ದವೆಂದು ಶಾಸನಗಳು ತಿಳಿಸುತ್ತವೆ.

‘ಕ್ರೈಸ್ತರು ದೇವಸ್ಥಾನ ನೋಡಲು ಹೋಗಬಹುದೇ ಸ್ವಾಮಿ?’ ಎಂದು ಕೆಲವರು ಕೇಳುವುದುಂಟು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಇದಕ್ಕೆ ಉತ್ತರ ಕೊಟ್ಟಿದೆ. ಇತರ ಧರ್ಮಗಳಲ್ಲಿ ಸತ್ಯವಾದುದು, ಪವಿತ್ರವಾದುದು ಯಾವುದಿದೆಯೋ ಅದನ್ನು ಧರ್ಮಸಭೆ ತಳ್ಳಿಹಾಕುವುದಿಲ್ಲ. ನೆರೆಮನೆಯವರ ಅಂಗಳಕ್ಕೆ ಹೋಗುವಂತೆ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, ಗೌರವದಿಂದ ಹೋಗೋಣ. ಕಲಿಯುವುದಿದ್ದರೆ ಕಲಿತು ಬರೋಣ.

ಕಲಿಯುವುದು ಏನಿದೆ? ಕೇದಾರೇಶ್ವರ ದೇಗುಲವಿರುವುದು ತಾವರೆಕೆರೆಯ ದಡದಲ್ಲಿ. ಕೆರೆಯ ಕೋಡಿಯ ಬಳಿ ಇದ್ದುದರಿಂದ ಅಲ್ಲಿನ ಮಠಕ್ಕೆ ಕೋಡಿಯ ಮಠ ಎಂದು ಹೆಸರು. 1162ರ ಒಂದು ಶಾಸನ ಆ ಮಠವನ್ನು ವರ್ಣಿಸುತ್ತದೆ. ಬಿ.ಎಲ್. ರೈಸ್‌ರವರು ಶಿವಮೊಗ್ಗ ಜಿಲ್ಲೆಯ ಶಾಸನಗಳ ಸಂಪುಟದಲ್ಲಿ ಅದನ್ನು ಅಚ್ಚು ಹಾಕಿಸಿದರು. ಅಲ್ಲಿ ವೇದ, ವ್ಯಾಕರಣ, ತರ್ಕ ಕಲಿಸುತ್ತಿದ್ದರು ಎಂಬುದು ಅದರಲ್ಲಿದೆ. ನಮ್ಮನ್ನು ನಿಲ್ಲಿಸುವುದು ಅದರ ಮುಂದಿನ ಭಾಗ. ಬಡವರು, ದಿಕ್ಕಿಲ್ಲದವರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಬೇರೆ ಬೇರೆ ಪಂಥದ ಸನ್ಯಾಸಿಗಳು – ಎಲ್ಲರಿಗೂ ಅಲ್ಲಿ ಊಟವಿತ್ತು. ನೋಡಿಕೊಳ್ಳುವವರಿಲ್ಲದ ರೋಗಿಗಳಿಗೆ ಅಲ್ಲಿ ಔಷಧೋಪಚಾರವಿತ್ತು. ಜೀವವಿರುವ ಎಲ್ಲಕ್ಕೂ ಅಲ್ಲಿ ಅಭಯವಿತ್ತು.

ಪ್ರಿಯರೇ, ಈ ಪಟ್ಟಿಯನ್ನು ಕೇಳಿದಾಗ ನಮಗೆ ಏನು ನೆನಪಾಗುತ್ತದೆ? ಔತಣ ಮಾಡಿದಾಗ ಬಡವರನ್ನು, ಊನರನ್ನು, ಕುಂಟರನ್ನು, ಕುರುಡರನ್ನು ಕರೆಯಬೇಕೆಂದು ಯೇಸುಸ್ವಾಮಿ ಬೋಧಿಸಿದ್ದು ನೆನಪಾಗುವುದಿಲ್ಲವೇ? ದೇಗುಲದ ಕಂಬ ಎಷ್ಟು ನುಣುಪು, ಗೋಪುರ ಎಷ್ಟು ಎತ್ತರ ಎಂಬುದಕ್ಕೆ ಕಲ್ಲೇ ಸಾಕ್ಷಿ. ಆದರೆ ಕಲ್ಲಿನ ಮೇಲೆ ಬರೆಸಿಟ್ಟವರು ಅಡುಗೆಮನೆಯನ್ನೂ ಔಷಧವನ್ನೂ ಮರೆಯಲಿಲ್ಲ. ಇಂದು ಕಲ್ಲು ಉಳಿದಿದೆ. ಆ ಪಂಕ್ತಿ ಉಳಿದಿಲ್ಲ, ರೋಗಿಯ ಹಾಸಿಗೆ ಉಳಿದಿಲ್ಲ. ನೋಡಲು ಬಂದವರು ನೋಡಿ ಹೋಗುತ್ತಾರೆ. ನಾವೂ ಹಾಗೆಯೇ ನೋಡಿ ಬಂದೆವು.

ದೂರದ ಫ್ರಾನ್ಸ್ ದೇಶದ ಹಳ್ಳಿದಾರಿಗಳಲ್ಲಿ ಸೈಕಲ್ ತುಳಿಯುವವರಿಗೆ ಹೆಜ್ಜೆಹೆಜ್ಜೆಗೂ ಹಳೆಯ ದೇವಾಲಯಗಳು ಸಿಗುತ್ತವೆ. ಲಾಬಾಸ್ತಿದ್ ದಾರ್ಮನ್ಯಾಕ್ ಎಂಬಲ್ಲಿ ಹೊಲಗಳ ನಡುವೆ ಒಂದು ಪುಟ್ಟ ಪ್ರಾಚೀನ ದೇವಾಲಯವಿದೆ. 1959ರಲ್ಲಿ ಫಾದರ್ ಜೋಸೆಫ್ ಮಸ್ಸೀ ಎಂಬ ಗುರುಗಳು ಅದನ್ನು ಸೈಕಲ್ ಸವಾರರ ಮಾತೆಯ ಕ್ಷೇತ್ರವನ್ನಾಗಿ ಮಾಡಿದರು. ದೊಡ್ಡ ಪಂದ್ಯಗಳ ವೀರರು ಕೊಟ್ಟ ಬಣ್ಣದ ಅಂಗಿಗಳು ಅದರ ಗೋಡೆಗಳ ಮೇಲೆ ತೂಗಾಡುತ್ತಿವೆ. ಅದಕ್ಕೆ ಹತ್ತು ವರ್ಷ ಮೊದಲೇ, 1949ರಲ್ಲಿ, ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು ಇಟಲಿಯ ಗಿಸಾಲ್ಲೊ ಬೆಟ್ಟದ ಮಾತೆಯನ್ನು ಸೈಕಲ್ ಸವಾರರ ಪಾಲಕಿ ಎಂದು ಘೋಷಿಸಿದ್ದರು.

ಇಟಲಿಯ ಜೀನೊ ಬಾರ್ತಾಲಿ 1938 ಮತ್ತು 1948ರಲ್ಲಿ ಫ್ರಾನ್ಸ್‌ನ ಮಹಾಪಂದ್ಯ ಗೆದ್ದವರು, ದೃಢ ಕಥೋಲಿಕರು. ಎರಡನೆಯ ಮಹಾಯುದ್ಧದಲ್ಲಿ ಯೆಹೂದ್ಯರನ್ನು ಬೇಟೆಯಾಡುತ್ತಿದ್ದ ದಿನಗಳಲ್ಲಿ, ಅವರ ಜೀವ ಉಳಿಸುವ ಗುರುತುಪತ್ರಗಳನ್ನು ಸೈಕಲ್ಲಿನಲ್ಲಿ ಅಡಗಿಸಿ ಸಾಗಿಸಿದರೆಂದು 2013ರಲ್ಲಿ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ ಅವರನ್ನು ಗೌರವಿಸಿತು. ಆ ವೇಳೆಗೆ ಅವರು ತೀರಿಕೊಂಡು ಹದಿಮೂರು ವರ್ಷವಾಗಿತ್ತು. ಗೆದ್ದ ಪಂದ್ಯಗಳ ಕಥೆ ಎಲ್ಲರಿಗೂ ಗೊತ್ತಿತ್ತು. ಈ ಪ್ರಯಾಣಗಳ ಬಗ್ಗೆ ಅವರು ಹೆಚ್ಚು ಹೇಳಿಕೊಂಡವರಲ್ಲ. ಸೈಕಲ್ ಅದೇ, ಯಾರಿಗಾಗಿ ತುಳಿಯುತ್ತೇವೆ ಎಂಬುದೇ ಪ್ರಶ್ನೆ.

ಇನ್ನು ನಮ್ಮ ಮನೆಗೆ ಬರೋಣ. 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಕ್ಷೇತ್ರ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಎಂಬ ಮೂರು ಜಿಲ್ಲೆಗಳಷ್ಟು ವಿಶಾಲ. ಶಿಕಾರಿಪುರ, ಸೊರಬದಂಥ ಕಡೆ ಕಥೋಲಿಕ ಕುಟುಂಬಗಳು ಒಂದು ಇಲ್ಲಿ, ಒಂದು ಅಲ್ಲಿ. ಹಿಂದೆ ಗುರುಗಳೂ ಉಪದೇಶಿಗಳೂ ಸೈಕಲ್ ಏರಿ ಇಂಥ ಮನೆಗಳನ್ನು ಹುಡುಕಿಕೊಂಡು ಹೋಗುತ್ತಿದ್ದ ಕಾಲವಿತ್ತು. ಹ್ಯಾಂಡಲ್ಲಿಗೆ ತೂಗುಹಾಕಿದ ಚೀಲದಲ್ಲಿ ಜಪಸರ, ಬೋಧನೆಯ ಪುಸ್ತಕ, ಮಕ್ಕಳಿಗೆ ಪೆಪ್ಪರಮೆಂಟು. ಮಳೆಗಾಲದಲ್ಲಿ ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತು ಹಳ್ಳ ದಾಟಿದ್ದನ್ನು ಹಿರಿಯರು ಇನ್ನೂ ನೆನೆಸಿಕೊಳ್ಳುತ್ತಾರೆ. ಬಂದವರು ಕೂರುತ್ತಿದ್ದರು, ಗಂಜಿ ಉಣ್ಣುತ್ತಿದ್ದರು, ಮನೆಯ ಕಷ್ಟ ಕೇಳುತ್ತಿದ್ದರು.

ಈಗ ನಮ್ಮಲ್ಲಿ ವಾಹನಗಳಿವೆ, ಫೋನಿದೆ. ಮಕ್ಕಳು ಬೆಂಗಳೂರಿನಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಹಬ್ಬಕ್ಕೆ ದೇವಾಲಯ ತುಂಬುತ್ತದೆ, ದೀಪಾಲಂಕಾರವಾಗುತ್ತದೆ, ಹೊಸ ಗೋಪುರಕ್ಕೆ ವಂತಿಗೆ ಎತ್ತುತ್ತೇವೆ. ಒಳ್ಳೆಯದೇ. ಆದರೆ ಮಂಡಿನೋವಿನಿಂದ ಒಂದು ವರ್ಷದಿಂದ ಬಲಿಪೂಜೆಗೆ ಬಾರದ ತಾಯಿಯ ಮನೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಗಂಡ ತೀರಿಹೋದ ಮೇಲೆ ಯಾರೊಡನೆಯೂ ಬೆರೆಯದ ಹೆಂಗಸು, ಕುಡಿತಕ್ಕೆ ಬಿದ್ದು ನಾಚಿಕೆಯಿಂದ ನಮ್ಮ ಕಣ್ಣು ತಪ್ಪಿಸುವ ಯುವಕ, ಜಗಳವಾಡಿ ದೇವಾಲಯ ಬಿಟ್ಟ ಕುಟುಂಬ – ಇವರ ಬಾಗಿಲು ತಟ್ಟಿದವರು ಯಾರು? ಮುಂದೊಂದು ದಿನ ನಮ್ಮ ದೇವಾಲಯವನ್ನೂ ಜನ ನೋಡಲು ಬರಬಹುದು. ಗೋಡೆ ಚೆನ್ನಾಗಿದೆ ಎನ್ನಬಹುದು. ಇಲ್ಲಿ ಯಾರಿಗೆ ಊಟವಿತ್ತು, ಯಾವ ರೋಗಿಗೆ ಆರೈಕೆಯಿತ್ತು ಎಂದು ಬರೆಯಲು ನಮ್ಮಲ್ಲಿ ಏನಾದರೂ ಇರುತ್ತದೆಯೇ?

ಎಲಿಜಬೇತಮ್ಮನವರ ಮನೆಯಲ್ಲಿ ನಡೆದದ್ದನ್ನು ಮತ್ತೊಮ್ಮೆ ಧ್ಯಾನಿಸೋಣ. ಮರಿಯಮ್ಮನವರು ಹೊಸ್ತಿಲಲ್ಲಿ ನಿಂತು ವಂದಿಸಿದರು, ಅಷ್ಟೇ. ಒಳಗಿದ್ದ ಮಗು, ಮುಂದೆ ಸ್ನಾನಿಕ ಯೊವಾನ್ನರಾಗಲಿದ್ದ ಮಗು, ತಾಯಿಯ ಗರ್ಭದಲ್ಲೇ ನಲಿದಾಡಿತು. ದೊಡ್ಡ ಪ್ರಬೋಧನೆ ಬೇಕಾಗಲಿಲ್ಲ. ಒಬ್ಬರು ಬಂದರು ಎಂಬುದೇ ಆ ಮನೆಗೆ ಶುಭಸಂದೇಶವಾಯಿತು. ಹಸಿದವರಿಗೆ ಉಣಿಸುವ ದೇವರನ್ನು ಹಾಡಿ ಹೊಗಳಿದ ಮರಿಯಮ್ಮನವರ ಸ್ತುತಿಗೀತೆ ಹುಟ್ಟಿದ್ದು ದೇವಾಲಯದ ಪೀಠದ ಮುಂದಲ್ಲ. ಬಂಧುವಿನ ಮನೆಯಲ್ಲಿ, ಬಹುಶಃ ದಾರಿಯ ಧೂಳು ಇನ್ನೂ ಕಾಲಲ್ಲಿದ್ದಾಗ.

ಆದ್ದರಿಂದ ಈ ಹಬ್ಬದಂದು ನಿಮ್ಮಲ್ಲಿ ಒಂದು ಬಿನ್ನಹ. ಶಾಲೆಗಳು ತೆರೆಯುವ ದಿನಗಳಿವು, ಮಳೆ ಇನ್ನೂ ಜೋರಾಗಿಲ್ಲ. ಜಗುಲಿಯ ಸೈಕಲ್ಲಿಗೆ ಗಾಳಿ ತುಂಬಿಸಿ, ಬ್ರೇಕ್ ಸರಿಮಾಡಿಸಿ. ಒಂದು ಭಾನುವಾರ ಬಲಿಪೂಜೆಯ ನಂತರ ಮನೆಯ ಮಕ್ಕಳನ್ನು ಕರೆದುಕೊಂಡು ಹೊರಡಿ. ಸೈಕಲ್ ತುಳಿಯಲಾರದವರು ನಡೆದು ಹೋಗಿ. ಬಳ್ಳಿಗಾವಿಗೂ ಹೋಗಿ, ತಾಳಗುಂದಕ್ಕೂ ಹೋಗಿ. ನಮ್ಮ ನಾಡಿನ ಹಿರಿಮೆಯನ್ನು ಮಕ್ಕಳು ಕಣ್ಣಾರೆ ಕಾಣಲಿ. ಆದರೆ ಹೋಗುವಾಗಲೋ ಬರುವಾಗಲೋ ಒಂದು ಮನೆಯ ಮುಂದೆ ಇಳಿಯಿರಿ. ಮೊದಲೇ ಪಟ್ಟಿ ಮಾಡಿಕೊಳ್ಳಿ. ಹೆಸರು ತಿಳಿಯದಿದ್ದರೆ ಧರ್ಮಕೇಂದ್ರದಲ್ಲಿ ಕೇಳಿ. ಹಣ್ಣು ಒಯ್ದರೆ ಸಂತೋಷ, ಬರಿಗೈಯಲ್ಲಿ ಹೋದರೂ ಅಡ್ಡಿಯಿಲ್ಲ. ಮೂರು ತಿಂಗಳು ಉಳಿಯಲು ನಮ್ಮಿಂದಾಗದು. ಒಂದು ಗಂಟೆ ಕೂರಲು ಆಗುತ್ತದೆ. ಉಪದೇಶ ಮಾಡಬೇಡಿ, ಕೇಳಿಸಿಕೊಳ್ಳಿ. ಅವರು ಪರಮಪ್ರಸಾದವನ್ನು ಬಯಸಿದರೆ ಗುರುಗಳಿಗೆ ತಿಳಿಸಿ. ಮುಂದಿನ ತಿಂಗಳು ಅದೇ ಮನೆಗೆ ಮತ್ತೆ ಹೋಗಿ. ಎರಡನೆಯ ಸಲ ಹೋದಾಗಲೇ ನೀವು ನಿಜವಾಗಿ ಬಂದಿರೆಂದು ಅವರು ನಂಬುತ್ತಾರೆ.

ಗುಡ್ಡದ ದಾರಿಯಲ್ಲಿ ಗರ್ಭದೊಳಗಿನ ಪ್ರಭುವನ್ನು ಹೊತ್ತು ನಡೆದ ಮಾತೆ ಮರಿಯಮ್ಮನವರು ನಮ್ಮ ದಾರಿಯಲ್ಲಿಯೂ ಜೊತೆಗಿರಲಿ. ನಾವು ತಟ್ಟುವ ಬಾಗಿಲೊಳಗೆ ನಮಗಿಂತ ಮೊದಲೇ ಬಂದು ಕಾದಿರುವ ಯೇಸುಸ್ವಾಮಿಯನ್ನು ಗುರುತಿಸುವ ಕೃಪೆ ನಮಗೆ ದೊರೆಯಲಿ. ಆಮೆನ್.