ಮೈಮೇಲೆ ಬಂದವರ ಮಾತು



ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯ ಹೆಸರನ್ನು ಕೇಳದವರು ಈ ಸಭೆಯಲ್ಲಿ ಯಾರೂ ಇರಲಾರರು. ತುಂಗಭದ್ರೆಯ ದಂಡೆಯ ಮೇಲಿರುವ ಆ ಗ್ರಾಮದಲ್ಲಿ, ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಯ ಮುಂದೆ ಅಮಾವಾಸ್ಯೆಯಂದು ನೆರೆಯುವ ಜನಸ್ತೋಮದಲ್ಲಿ, ಹರಕೆ ತೀರಿಸಬಂದವರೂ ದರ್ಶನಾಕಾಂಕ್ಷಿಗಳೂ ಇರುವಂತೆಯೇ, ಗಾಳಿ ಸೋಕಿತೆಂದೋ, ದೆವ್ವ ಮೆಟ್ಟಿಕೊಂಡಿತೆಂದೋ, ಆಗದವರು ಮಾಟ ಮಾಡಿಸಿದರೆಂದೋ ನಂಬಿದ ಬಂಧುಗಳು ರಟ್ಟೆ ಹಿಡಿದು ಕರೆತಂದ ಹೆಂಗಸರೂ ಗಂಡಸರೂ ಇರುತ್ತಾರೆ. ಪೂಜೆಯ ನಾದ ಏರುತ್ತಿದ್ದಂತೆ, ಅದುವರೆಗೆ ಗೋಡೆಗೊರಗಿ ಮೂಕಳಂತೆ ಕುಳಿತಿದ್ದ ಒಬ್ಬಾಕೆ ತುರುಬು ಬಿಚ್ಚಿ ತಲೆಯನ್ನು ಗಿರ್ರನೆ ತಿರುಗಿಸತೊಡಗುತ್ತಾಳೆ, ಸೆರಗು ಜಾರದಂತೆ ತಾಯಿಯೋ ಅತ್ತಿಗೆಯೋ ಅದನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸುತ್ತಾಳೆ, "ಯಾರು ನೀನು? ಯಾವೂರಾಕಿ? ಯಾಕ ಹಿಡದಿ? ಯಾವಾಗ ಬಿಟ್ಟು ಹೋಗ್ತಿ?" ಎಂದು ಸುತ್ತಲಿನವರು ಕೇಳುತ್ತಾರೆ. ಆಗ ಅವಳ ಬಾಯಿಂದ ಹೊರಡುವ ಉತ್ತರವು ಅವಳದಲ್ಲದ ಹೆಸರಿನಲ್ಲಿ, ಅವಳದಲ್ಲದ ಕಂಠದಲ್ಲಿ, ಅವಳ ಮನೆಯೊಳಗಿನ ಸಂಗತಿಗಳನ್ನೇ, ಯಾರು ಹೊಡೆದರು, ಯಾರು ಉಣ್ಣಲಿಕ್ಕೆ ಹಾಕಲಿಲ್ಲ, ಯಾರು ಯಾವ ಬಾವಿಗೆ ಬಿದ್ದು ಸತ್ತರು ಎಂಬುದನ್ನೇ, ಎಲ್ಲರೆದುರು ಬಯಲಿಗಿಡುವುದುಂಟು. ಹೊಳೆಯಲ್ಲಿ ಮಿಂದವರು ಉಟ್ಟ ಬಟ್ಟೆಯನ್ನು ಅಲ್ಲಿಯೇ ಬಿಟ್ಟುಬರುವ ರೂಢಿಯಿರುವುದರಿಂದ ದಡದ ಕೆಸರಿನಲ್ಲಿ ಸೀರೆ, ಲಂಗ, ಅಂಗಿಗಳು ರಾಶಿ ಬಿದ್ದಿರುತ್ತವೆ.

ದೆವ್ವ ಉಂಟೋ ಇಲ್ಲವೋ ಎಂಬ ಜಿಜ್ಞಾಸೆಗೆ ನಾನು ಇಂದು ಕೈಹಾಕುವುದಿಲ್ಲ. ಒಂದು ಕುಟುಂಬ, ಅದರಲ್ಲೊಬ್ಬರ ಮೈಮೇಲೆ ಬಂದ ಅನ್ಯಸತ್ತ್ವ, ಆ ಸಂಕಟದೆದುರು ಮನೆಮಂದಿ ನಡೆದುಕೊಳ್ಳುವ ರೀತಿ, ಇವಿಷ್ಟನ್ನೇ ವಸ್ತುವನ್ನಾಗಿ ಹಿಡಿದು, ದೊಡ್ಡ ನಿರ್ಮಾಪಕರ ಆಶ್ರಯವಿಲ್ಲದೆ, ಅಲ್ಪಸ್ವಲ್ಪ ಹಣದಲ್ಲಿ ತೆಗೆಯತಕ್ಕ ಭಯಾನಕ ಚಲನಚಿತ್ರವು ನಮ್ಮ ನಾಡಿನಲ್ಲಿ ಹೇಗೆ ಸಾಧ್ಯ, ಅದು ಯಾವುದನ್ನು ಬಂಡವಾಳವಾಗಿ ಇಟ್ಟುಕೊಳ್ಳಬೇಕು ಎಂಬುದೇ ನನ್ನ ವಿಷಯ. ಆ ಬಂಡವಾಳವು ಮೈಮೇಲೆ ಬಂದವರ ಮಾತು ಎಂದು ನಾನು ದೃಢವಾಗಿ ನಂಬಿದ್ದೇನೆ. ಮುಖಕ್ಕೆ ಬಳಿದ ಬಣ್ಣವಾಗಲಿ, ಗಾಳಿಯಲ್ಲಿ ತೇಲುವ ಮಂಚವಾಗಲಿ ಆ ಮಾತಿನ ಸ್ಥಾನವನ್ನು ತುಂಬಲಾರದು.

ಕನ್ನಡದಲ್ಲಿ ಈ ವಸ್ತುವಿನ ಚಿತ್ರವೆಂದೊಡನೆ ಹಿರಿಯರಿಗೆ ನೆನಪಾಗುವುದು 1979ರ 'ನಾ ನಿನ್ನ ಬಿಡಲಾರೆ'. ವಿಜಯ್ ಅವರ ನಿರ್ದೇಶನ, ರಾಜನ್ ನಾಗೇಂದ್ರರ ಸಂಗೀತ, ಅನಂತನಾಗ್ ಮತ್ತು ಲಕ್ಷ್ಮಿಯವರ ಅಭಿನಯ. ಅದು ಚಿತ್ರೋದ್ಯಮದ ಕೇಂದ್ರದಿಂದಲೇ ಬಂದ ಕೃತಿಯಾದುದರಿಂದ ಸ್ವತಂತ್ರ ಚಿತ್ರವೆನ್ನಲಾಗದು. ಆದರೂ ಸ್ವತಂತ್ರವಾಗಿ ಚಿತ್ರ ತೆಗೆಯಬಯಸುವವನು ಅದನ್ನು ಎರಡು ಸಲವಾದರೂ ನೋಡತಕ್ಕದ್ದು. ಅದಕ್ಕೆ ಆರು ವರ್ಷ ಮೊದಲು, 1973ರಲ್ಲಿ, ಅಮೆರಿಕದ 'ದಿ ಎಕ್ಸಾರ್ಸಿಸ್ಟ್' ಚಿತ್ರವು ಹನ್ನೆರಡು ವರ್ಷ ವಯಸ್ಸಿನ ಬಾಲಿಕೆಯ ದೇಹವನ್ನು ಪಿಶಾಚದ ವಾಸಸ್ಥಾನವನ್ನಾಗಿ ಮಾಡಿ ಲೋಕವನ್ನೆಲ್ಲ ನಡುಗಿಸಿತ್ತು. ಕನ್ನಡದ ಚಿತ್ರವಾದರೋ ಹೆಣ್ಣಿನ ಪ್ರೇತವನ್ನು ಗಂಡಸಿನ ಮೈಮೇಲೆ ತಂದಿತು. ಬಯಸಿದ್ದು ಕೈಗೂಡದೆ ಸತ್ತ ಕಾಮಿನಿಯು ಗೃಹಸ್ಥನಾದ ನಾಯಕನನ್ನು ಹೊಕ್ಕು ಕಾಡುತ್ತಾಳೆ. ಅವನ ಬಿಡುಗಡೆಗಾಗಿ ಹೋರಾಡುವವಳು ಹೆಂಡತಿ. ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳಲ್ಲಿ ಆಕೆಗಿರುವ ಶ್ರದ್ಧೆಯೇ ಆಕೆಯ ಬಲ. ಸೌಮ್ಯವದನನೆಂದು ಪ್ರೇಕ್ಷಕರು ಮೆಚ್ಚಿದ್ದ ಅನಂತನಾಗ್ ಅವರ ಮುಖದಲ್ಲಿ ಒಮ್ಮಿಂದೊಮ್ಮೆಗೆ ಅಪರಿಚಿತವಾದ ಒಂದು ನೋಟ ಮೂಡಿದಾಗ ಉಂಟಾಗುವ ತಲ್ಲಣವು, ಆ ಮುಖದ ಸೌಮ್ಯತೆಯನ್ನು ಚಿತ್ರವು ಮೊದಲು ನಮಗೆ ಚೆನ್ನಾಗಿ ಪರಿಚಯ ಮಾಡಿಕೊಟ್ಟಿರುವುದರ ಫಲ. ಪ್ರಿಯವಾದುದು ಅನ್ಯವಾಗುವುದೇ ಕುಟುಂಬದ ಭಯ. ಇದೇ ನಿರ್ದೇಶಕರು 1981ರಲ್ಲಿ 'ಮಂಗಳಸೂತ್ರ' ಎಂಬ ಹೆಸರಿನಲ್ಲಿ, ರೇಖಾ ಮತ್ತು ಅನಂತನಾಗ್ ಅವರನ್ನೇ ಇಟ್ಟುಕೊಂಡು, ಈ ಕಥೆಯನ್ನು ಹಿಂದಿಗೆ ಕೊಂಡೊಯ್ದರು.

'ಆಪ್ತಮಿತ್ರ'ದ ವಿಚಾರವನ್ನು ನಾನು ಬೆಳೆಸುವುದಿಲ್ಲ. ಮಲಯಾಳದ 'ಮಣಿಚಿತ್ರತ್ತಾಳ್' ಚಿತ್ರದಿಂದ ಹುಟ್ಟಿದ ಈ 2004ರ ಚಿತ್ರದಲ್ಲಿ ಸೌಂದರ್ಯ ಅವರು ಗಂಗೆಯಿಂದ ನಾಗವಲ್ಲಿಯಾಗುವ ಪರಿವರ್ತನೆಯನ್ನು ಕಾಣದವರು ವಿರಳ. ಅರಮನೆಯಂಥ ಮನೆ, ನೃತ್ಯ, ವೈಭವ ಇವುಗಳಿಂದ ಕೂಡಿದ ಆ ಮಾದರಿಯು ಅಲ್ಪಧನನಾದ ಕಲಾವಿದನಿಗೆ ಎಟುಕುವಂಥದಲ್ಲ. ವೈದ್ಯನೂ ಮಾಂತ್ರಿಕನೂ ಕೈಜೋಡಿಸುವ ಅದರ ಸೌಜನ್ಯ ಮಾತ್ರ ಅನುಕರಣೀಯ.

ನನ್ನ ದೃಷ್ಟಿಯಲ್ಲಿ ಈ ವಸ್ತುವಿಗೆ ಅತ್ಯಂತ ಸಮೀಪವಾದ ಕನ್ನಡ ಚಿತ್ರದಲ್ಲಿ ದೆವ್ವವೇ ಇಲ್ಲ. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ತೆಗೆದ 'ಶರಪಂಜರ'ವನ್ನು ಕುರಿತು ನಾನು ಹೇಳುತ್ತಿದ್ದೇನೆ. ಬಾಣಂತನದಲ್ಲಿ ಚಿತ್ತಸ್ವಾಸ್ಥ್ಯ ಕೆಟ್ಟು, ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳಿದ ಕಾವೇರಿಯು ಚೌಕಟ್ಟಿನಿಂದ ಚೌಕಟ್ಟಿಗೆ ಮತ್ತೆ ಕುಸಿಯುವುದು ಯಾವ ಪ್ರೇತದ ಉಪಟಳದಿಂದಲೂ ಅಲ್ಲ. ಆಕೆ ನಕ್ಕರೆ ಯಾಕೆ ನಕ್ಕಳೆಂದು, ಸಿಟ್ಟಾದರೆ ಮತ್ತೆ ಬಂತೆಂದು, ಸುಮ್ಮನಿದ್ದರೆ ಏನೋ ಇದೆಯೆಂದು ಅಳೆಯುವ ಮನೆಯವರ, ಆಳುಕಾಳುಗಳ, ನೆರೆಹೊರೆಯವರ ಕಣ್ಣುಗಳಿಂದ, ಕೊನೆಗೆ ಗಂಡನ ವಂಚನೆಯಿಂದ. ಒಮ್ಮೆ ಮೈಮೇಲೆ ಬಂದಿತ್ತೆಂಬ ಕೀರ್ತಿ ಹೊತ್ತ ಹೆಣ್ಣಿಗೆ ನಮ್ಮ ಹಳ್ಳಿಗಳಲ್ಲಿಯೂ ಪೇಟೆಗಳಲ್ಲಿಯೂ ಆಗುವುದು ಇದೇ ಅಲ್ಲವೆ? ದೆವ್ವದ ಚಿತ್ರಗಳು ಬಹುಮಟ್ಟಿಗೆ ಉಚ್ಚಾಟನೆಯೊಡನೆ ಮುಗಿಯುತ್ತವೆ. ಉಕ್ಕಡಗಾತ್ರಿಯಿಂದ ಬಸ್ಸು ಹತ್ತಿ ಊರಿಗೆ ಹಿಂದಿರುಗಿದ ಸೊಸೆಯ ಮರುದಿನದ ಬೆಳಗನ್ನು, ಅವಳು ಒಲೆ ಹಚ್ಚುವಾಗ ಬಾಗಿಲ ಮರೆಯಿಂದ ಅವಳ ಕೈಯನ್ನೇ ನೋಡುತ್ತ ನಿಂತ ಅತ್ತೆಯನ್ನು, ಯಾರೂ ಚಿತ್ರಿಸಿಲ್ಲವೆಂಬುದು ನನಗೆ ದೊಡ್ಡ ಕೊರತೆಯಾಗಿ ತೋರುತ್ತದೆ.

ಮೈಮೇಲೆ ಬರುವುದರಲ್ಲಿ ಕುಟುಂಬದ ವ್ಯಾಜ್ಯವೊಂದು ಅಡಗಿರುತ್ತದೆಂಬುದನ್ನು ವಿದ್ವಾಂಸರೂ ಬಲ್ಲರು. ಮನೋವಿಶ್ಲೇಷಕ ಸುಧೀರ್ ಕಾಕರ್ ಅವರು 1982ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ರಾಜಸ್ಥಾನದ ಮೆಹಂದಿಪುರದ ಬಾಲಾಜಿ ದೇವಾಲಯವನ್ನು ವರ್ಣಿಸಿದ್ದಾರೆ. ಅಲ್ಲಿ ಭೂತವು ದೇವರೆದುರು ಹಾಜರಾಗಿ ಹೇಳಿಕೆ ಕೊಡುವುದಕ್ಕೆ 'ಪೇಶಿ' ಎಂದು ಹೆಸರು; ನ್ಯಾಯಾಲಯದಲ್ಲಿ ವಿಚಾರಣೆ ನಡೆದಂತೆ. ಮಾನವಶಾಸ್ತ್ರಜ್ಞ ಲೂಯಿಸ್ ಅವರೂ, ಅಧಿಕಾರವಿಲ್ಲದವರು, ವಿಶೇಷವಾಗಿ ಸ್ತ್ರೀಯರು, ನೇರವಾಗಿ ಆಡಲಾಗದ ಪ್ರತಿಭಟನೆಯನ್ನು ಪರೋಕ್ಷವಾಗಿ ಹೀಗೆ ಆಡಿ ತೀರಿಸಿಕೊಳ್ಳುತ್ತಾರೆಂದು ವಾದಿಸಿದರು. ಎಲ್ಲ ಪ್ರಸಂಗಗಳಿಗೂ ಈ ಸೂತ್ರ ಹೊಂದುತ್ತದೆಂದು ನಾನು ಹೇಳಲಾರೆ; ಮನೋರೋಗವು ರೋಗವೇ, ಅದಕ್ಕೆ ಔಷಧವೂ ಉಂಟು. ಆದರೂ, ಹೊಡೆಸಿಕೊಂಡಾಗ ತುಟಿ ಬಿಚ್ಚದ ಸೊಸೆಯು ದೆವ್ವವಾಗಿ ಮಾವನನ್ನು ಏಕವಚನದಲ್ಲಿ ಕರೆದು ಗದರಿಸುವಾಗ, ಆ ಮುದುಕನು ಕೈಮುಗಿದು "ತಪ್ಪಾತು ತಾಯಿ, ಬಿಟ್ಟು ಹೋಗು" ಎಂದು ಬೇಡುವಾಗ, ಆ ಮನೆಯ ಮರ್ಯಾದೆಯ ಕ್ರಮವೆಲ್ಲ ಒಂದು ಗಳಿಗೆಯ ಮಟ್ಟಿಗೆ ತಲೆಕೆಳಗಾಗುವುದನ್ನು ಯಾವ ನಾಟಕಕಾರನು ತಾನೆ ಕಂಡೂ ಕಾಣದಂತೆ ಹೋದಾನು?

ಇಂಥ ದೃಶ್ಯಕ್ಕೆ ಹಣ ಬೇಕಾಗಿಲ್ಲ. ಹಣವಿಲ್ಲದಿರುವುದೇ ಭಯಾನಕ ರಸಕ್ಕೆ ಉಪಕಾರಿಯಾದ ನಿದರ್ಶನಗಳು ಬೇಕಾದಷ್ಟಿವೆ. 1942ರಲ್ಲಿ ಹಾಲಿವುಡ್ಡಿನ ವಾಲ್ ಲ್ಯೂಟನ್ ಎಂಬ ನಿರ್ಮಾಪಕನಿಗೆ 'ಕ್ಯಾಟ್ ಪೀಪಲ್' ಚಿತ್ರಕ್ಕಾಗಿ ದೊರೆತ ಹಣ ಬಹು ಕಡಿಮೆ. ಈಜುಕೊಳದಲ್ಲಿ ಒಬ್ಬ ತರುಣಿ ಕತ್ತಲೆಯಲ್ಲಿ ಒಂಟಿಯಾಗಿರುವ ಪ್ರಸಂಗದಲ್ಲಿ ಮೃಗವನ್ನು ತೋರಿಸದೆ, ಗೋಡೆಯ ಮೇಲೆ ಅಲುಗುವ ನೀರಿನ ಬೆಳಕು, ನೆರಳು, ಪ್ರತಿಧ್ವನಿ ಇವುಗಳಿಂದಲೇ ನೋಡುವವರ ಉಸಿರು ಕಟ್ಟಿಸಿದರು. ಓರೆನ್ ಪೆಲಿ ಎಂಬಾತನು ಸುಮಾರು 15,000 ಡಾಲರುಗಳಲ್ಲಿ, ತನ್ನ ಸ್ವಂತ ಮನೆಯಲ್ಲಿಯೇ, ಮಲಗುವ ಕೋಣೆಯ ಮೂಲೆಯಲ್ಲಿ ಕ್ಯಾಮರಾ ನಿಲ್ಲಿಸಿ 'ಪ್ಯಾರಾನಾರ್ಮಲ್ ಆಕ್ಟಿವಿಟಿ'ಯನ್ನು ತೆಗೆದನು. ನಮ್ಮಲ್ಲಿಯೂ 2013ರಲ್ಲಿ ಕೆ. ಎಸ್. ಅಶೋಕ ಅವರ '6-5=2' ಚಿತ್ರವು, ಚಾರಣಕ್ಕೆ ಹೋದವರ ಕ್ಯಾಮರಾದಲ್ಲಿ ಸಿಕ್ಕಿದ ದೃಶ್ಯಗಳೆಂಬ ಭಾವನೆ ಹುಟ್ಟಿಸಿ, ತಾರೆಯರ ನೆರವಿಲ್ಲದೆ ಗೆದ್ದಿತು. ಆದರೆ ಅದು ಕಾಡಿನ ಕಥೆ, ಮನೆಯ ಕಥೆಯಲ್ಲ.

ಮನೆಯ ಕಥೆಗೆ ದಾವಣಗೆರೆಗಿಂತ ಒಳ್ಳೆಯ ಊರನ್ನು ನಾನು ಎಲ್ಲಿಂದ ಹುಡುಕಲಿ? ಹತ್ತಿಯ ಗಿರಣಿಗಳು ಒಂದೊಂದಾಗಿ ಬಾಗಿಲು ಮುಚ್ಚಿದ ಮೇಲೆ ಕೆಲಸ ಕಳೆದುಕೊಂಡ ತಂದೆ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ದುಡಿದು ಬರುವ ಮಗ. ಮದುವೆಯಾಗಿ ಬಂದ ವರ್ಷದಲ್ಲಿಯೇ ಮಾತು ಬಿಟ್ಟ ಸೊಸೆ. ನಡುಮನೆ, ಅಡಿಗೆಮನೆ, ಹಿತ್ತಲು, ಇಷ್ಟೇ ಆವರಣ. ರೈಲ್ವೆ ಗೇಟು ಬಿದ್ದಾಗ ಎರಡು ಕಡೆಯೂ ನಿಂತ ವಾಹನಗಳ ಗದ್ದಲ, ರೈಲು ಹಾಯುವಾಗ ಪಾತ್ರೆಗಳ ಸಣ್ಣ ನಡುಕ, ಅದು ಹೋದಮೇಲಿನ ನಿಶ್ಶಬ್ದ, ಈ ಸಾಮಾನ್ಯ ಧ್ವನಿಗಳನ್ನು ಬಿಟ್ಟು ಬೇರೆ ಹಿನ್ನೆಲೆ ಸಂಗೀತವೇಕೆ? ಭಯ ಬರುವುದಕ್ಕೆ ಮೊದಲೇ ಪಿಟೀಲುಗಳು ಕಿರುಚಿ ಪ್ರೇಕ್ಷಕನನ್ನು ಎಚ್ಚರಿಸುವ ಇಂದಿನ ಪದ್ಧತಿ ನನಗೆ ಸ್ವಲ್ಪವೂ ಸಮ್ಮತವಲ್ಲ. ಆ ಮನೆಯಲ್ಲಿ ನಡೆಯುವ ಚರ್ಚೆಯೂ ಕಥೆಯ ಜೀವಾಳ: ಮಗನಿಗೆ ಮನೋವೈದ್ಯರಲ್ಲಿಗೆ ಕರೆದೊಯ್ಯುವ ಮನಸ್ಸು, "ಮೊದಲ ಅಜ್ಜಯ್ಯನ ಹತ್ರ ಹೋಗಿ ಬರೋಣೇಳು, ಆಮ್ಯಾಲೆ ನಿನ್ನ ಡಾಕ್ಟರು" ಎನ್ನುವ ತಾಯಿ, ಯಾರೂ ಸೊಸೆಯನ್ನು ಕೇಳದಿರುವುದು.

ಇದೇ ಪ್ರಾಂತದ ಹರಿಹರದಲ್ಲಿ, ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವನು ಹದಿಮೂರನೆಯ ಶತಮಾನದಲ್ಲಿ ಕಟ್ಟಿಸಿದ ದೇಗುಲದಲ್ಲಿ, ಗುಹಾಸುರನ ಸಂಹಾರಕ್ಕೋಸ್ಕರ ಒಂದೇ ಶರೀರದಲ್ಲಿ ಅರ್ಧ ಹರನೂ ಅರ್ಧ ಹರಿಯೂ ಆಗಿ ನಿಂತ ಮೂರ್ತಿಯಿದೆ. ಎರಡು ಸತ್ತ್ವಗಳು ಒಂದೇ ಮೈಯಲ್ಲಿ ನೆಲೆಸುವ ಕಲ್ಪನೆಯು ಈ ನೆಲದ ಜನಕ್ಕೆ ಹೊಸದಲ್ಲ. ಅಲ್ಲಿ ಅದು ಸಮನ್ವಯ, ಉಕ್ಕಡಗಾತ್ರಿಯಲ್ಲಿ ಸಂಘರ್ಷ. ಒಂದೇ ಹೊಳೆಯ ದಂಡೆಯಲ್ಲಿರುವ ಈ ಎರಡು ಕ್ಷೇತ್ರಗಳನ್ನು ಒಂದೇ ಕಥೆಯೊಳಗೆ ಕಾಣಬಲ್ಲ ಪ್ರತಿಭೆಗಾಗಿ ನಾನು ಹಾರೈಸುತ್ತೇನೆ.

ಚಿತ್ರ ತೆಗೆಯುವವರಿಗೆ ಒಂದು ನಿರ್ಬಂಧವನ್ನೂ ಹೇಳಲೇಬೇಕು. ದೆವ್ವ ಬಿಡಿಸುವ ನೆಪದಲ್ಲಿ ಹಗ್ಗದಿಂದ ಕಟ್ಟುವುದು, ಕೋಲಿನಿಂದ ಹೊಡೆಯುವುದು, ಮೆಣಸಿನಕಾಯಿಯ ಹೊಗೆ ಹಾಕುವುದು ಇವೆಲ್ಲ ಇಂದು ಅಪರಾಧಗಳು. 2017ರಲ್ಲಿ ಅಂಗೀಕೃತವಾದ ಕರ್ನಾಟಕದ ಮೌಢ್ಯ ಪ್ರತಿಬಂಧಕ ಕಾಯ್ದೆಯು 2020ರಿಂದ ಜಾರಿಯಲ್ಲಿದೆ. ಈ ಹಿಂಸೆಯನ್ನು ತೆರೆಯ ಮೇಲೆ ಪರಿಹಾರವೆಂಬಂತೆ ತೋರಿಸುವ ಚಿತ್ರವು, ಎಷ್ಟೇ ಕುಶಲವಾಗಿದ್ದರೂ, ಯಾವುದೋ ಊರಿನ ಯಾವುದೋ ಹುಡುಗಿಯ ಬೆನ್ನ ಮೇಲೆ ಬೀಳುವ ಬೆತ್ತಕ್ಕೆ ಬಲಕೊಟ್ಟಂತೆ. ಹಾಗೆಯೇ, ಅಮಾವಾಸ್ಯೆಯ ದಿನ ಕ್ಯಾಮರಾ ಹಿಡಿದು ಉಕ್ಕಡಗಾತ್ರಿಗೆ ಹೋಗಿ, ತನ್ನ ಪರಿವೆಯೇ ಇಲ್ಲದೆ ಹೊರಳಾಡುವ ನಿಜವಾದ ರೋಗಿಯ ಮುಖವನ್ನು ಕದ್ದು ಸೆರೆಹಿಡಿಯುವುದು ಅಧರ್ಮ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿಲ್ಲದವರ ಸಂಕಟವು ನಮ್ಮ ಕಲೆಗೆ ಸಾಮಗ್ರಿಯಾಗಕೂಡದು.

ಹಾಗಾದರೆ ಮೈಮೇಲೆ ಬಂದವಳ ಆ ಎರಡನೆಯ ಕಂಠವನ್ನು ಎಲ್ಲಿಂದ ತರೋಣ? ಯಂತ್ರದಲ್ಲಿ ಧ್ವನಿಯನ್ನು ಒರಟುಗೊಳಿಸಿ ತರಬಾರದೆಂದೇ ನನ್ನ ಬಿನ್ನಹ. ದಾವಣಗೆರೆಯು ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿಯ ಊರು. ಚಿಂದೋಡಿ ಲೀಲಾ ಅವರಂಥ ನಟಿಯನ್ನು ಕಂಡ ಊರು. ಕೊನೆಯ ಬೆಂಚಿನವರೆಗೆ ಮಾತು ಮುಟ್ಟಿಸುವುದನ್ನೂ, ಒಂದೇ ರಾತ್ರಿಯಲ್ಲಿ ಎರಡು ಪಾತ್ರ ಧರಿಸಿ ಎರಡಕ್ಕೂ ಬೇರೆಬೇರೆ ದನಿ ಹಿಡಿಯುವುದನ್ನೂ ಕಂಪನಿಯ ಕಲಾವಿದೆಯರು ಅಭ್ಯಾಸಬಲದಿಂದ ಕಲಿತವರು. ಸೊಸೆಯ ಕ್ಷೀಣವಾದ ಸ್ವರದಿಂದ ಹೊರಟು, ಅದೇ ಉಸಿರಿನಲ್ಲಿ, ಬಾವಿಗೆ ಬಿದ್ದು ಸತ್ತವಳ ಸ್ವರಕ್ಕೆ ಏರಿ, ಆ ಏರಿಕೆಯ ನಡುವೆ ಎಲ್ಲಿಯೋ ಒಂದು ಕಡೆ ಇಬ್ಬರೂ ಒಬ್ಬಳೇ ಎಂಬ ಅನುಮಾನ ಹುಟ್ಟಿಸುವುದು ಅಂಥವರಿಂದ ಮಾತ್ರ ಆಗತಕ್ಕ ಕೆಲಸ. ಬೆಂಗಳೂರಿನಲ್ಲಿ ನಾಯಕಿಯನ್ನು ಹುಡುಕುವುದಕ್ಕೆ ಮೊದಲು ಈ ಜಿಲ್ಲೆಯ ತರುಣ ನಿರ್ದೇಶಕರು ವೃತ್ತಿರಂಗಭೂಮಿಯ ಆ ಕಲಾವಿದೆಯರ ಮನೆಗಳಿಗೆ ಹೋಗಿ, ಅವರ ಮುಂದೆ ಕಥೆಯನ್ನು ಓದಿ, ಮೈಮೇಲೆ ಬಂದವರು ಏನು ಮಾತಾಡುತ್ತಾರೆಂಬುದನ್ನು ಅವರ ಬಾಯಿಂದಲೇ ಕೇಳಿ ಸಂಭಾಷಣೆಯನ್ನು ತಿದ್ದಿಕೊಳ್ಳಲಿ.