ಕೋವಿ: ಹಕ್ಕೋ, ವಿನಾಯಿತಿಯೋ?

ಬಂದೂಕಿನ ಹಕ್ಕು ಎಂದೊಡನೆ ನಮಗೆ ನೆನಪಾಗುವುದು ಅಮೆರಿಕ. ಅಲ್ಲಿನ ಸಂವಿಧಾನದ 1791ರ ಎರಡನೇ ತಿದ್ದುಪಡಿಯ ಅರ್ಥದ ಬಗ್ಗೆ ಇಂದಿಗೂ ಜಗಳ ನಿಂತಿಲ್ಲ. ಆದರೆ ಇದೇ ವಾದ ನಮ್ಮಲ್ಲೂ ನಡೆದಿತ್ತು. ಅದರ ಒಂದು ಎಳೆ ನಮ್ಮ ಕೊಡಗಿನಲ್ಲಿ ಇನ್ನೂ ಉಳಿದಿದೆ.

ಸೆಪ್ಟೆಂಬರ್ ಆರಂಭದಲ್ಲಿ, ಗದ್ದೆ ನಾಟಿ ಮುಗಿದ ಮೇಲೆ, ಕೊಡವರ ಮನೆಗಳಲ್ಲಿ ಕೈಲ್‌ಪೊಳ್ದ್. ಕೋವಿ, ಒಡಿಕತ್ತಿಗಳನ್ನು ಒರೆಸಿ, ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಈ ಕೋವಿಗೆ ಪರವಾನಗಿ ಬೇಡ, ಜಿಲ್ಲಾಡಳಿತದ ವಿನಾಯಿತಿ ಪತ್ರ ಸಾಕು. ಘಟ್ಟ ಇಳಿದು ಸುಳ್ಯಕ್ಕೆ ಬನ್ನಿ. ಮಂಗನ ಕಾಟಕ್ಕೆ ಕೋವಿ ಬೇಕೆನ್ನುವ ಅಡಿಕೆ ತೋಟದವರು ಅರ್ಜಿ ಹಾಕಿ ಪೊಲೀಸ್ ವರದಿಗೆ ಕಾಯಬೇಕು. ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸುವ ಚಿಂತೆ ಬೇರೆ. ದೇಶ ಒಂದೇ, ಕಾಯ್ದೆ ಒಂದೇ. ಹಾಗಾದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

1834ರಲ್ಲಿ ಕೊಡಗು ಕಂಪನಿ ಸರ್ಕಾರದ ವಶವಾಯಿತು. 1857ರ ದಂಗೆಯ ನಂತರ ದೇಶದ ಜನರ ಕೈಯಿಂದ ಆಯುಧ ಕಸಿಯಲಾಯಿತು. ಕೊಡವರು ನಿಷ್ಠರಾಗಿದ್ದರೆಂದು 1861ರಲ್ಲಿ ಚೀಫ್ ಕಮಿಷನರ್ ಮಾರ್ಕ್ ಕಬ್ಬನ್ ಅವರಿಗೆ ವಿನಾಯಿತಿ ಕೊಟ್ಟ. ಬೆಂಗಳೂರಿನ ಪಾರ್ಕಿಗೆ ಹೆಸರಾದ ಕಬ್ಬನ್ ಈತನೇ. ಮುಂದೆ ಲಾರ್ಡ್ ಲಿಟ್ಟನ್ ಕಾಲದ 1878ರ ಕಾಯ್ದೆಯಂತೆ ಭಾರತೀಯರಿಗೆ ಪರವಾನಗಿ ಕಡ್ಡಾಯವಾಯಿತು, ಯುರೋಪಿಯನ್ನರಿಗೆ ಬೇಕಿರಲಿಲ್ಲ. ಸ್ವಾತಂತ್ರ್ಯ ಹೋರಾಟಗಾರರನ್ನು ಚುಚ್ಚಿದ್ದು ಈ ಅವಮಾನ. ಅಹಿಂಸೆಯ ಮಾತಾಡುತ್ತಿದ್ದ ಕಾಂಗ್ರೆಸ್ಸೇ 1931ರ ಕರಾಚಿ ಅಧಿವೇಶನದಲ್ಲಿ, ನಿಯಮಗಳಿಗೊಳಪಟ್ಟು ಆಯುಧ ಹೊಂದುವುದನ್ನು ಮೂಲಭೂತ ಹಕ್ಕುಗಳ ಪಟ್ಟಿಗೆ ಸೇರಿಸಿತು!

1948ರ ಡಿಸೆಂಬರ್‌ನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಆ ಮಾತನ್ನು ನೆನಪಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. ಐಸಿಎಸ್ ಬಿಟ್ಟು ಚಳವಳಿಗೆ ಧುಮುಕಿದವರು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಮೂಲಭೂತ ಹಕ್ಕಾಗಿಸಿದರೆ ಕಳ್ಳಕಾಕರೂ ಅದನ್ನು ಕೇಳಿಯಾರು. ಈಗ ಒತ್ತಿ ಹೇಳಬೇಕಾದದ್ದು ಶಸ್ತ್ರ ಹಿಡಿಯುವ ಹಕ್ಕನ್ನಲ್ಲ, ಕರ್ತವ್ಯವನ್ನು ಎಂಬುದು ಅವರ ವಾದದ ಸಾರ. ವಿಭಜನೆಯ ರಕ್ತ ಆಗಿನ್ನೂ ಆರಿರಲಿಲ್ಲ. ತಿದ್ದುಪಡಿ ಬಿದ್ದುಹೋಯಿತು.

ಹೀಗಾಗಿ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ಸರ್ಕಾರ ಕೊಡುವ ಅನುಮತಿಯಾಗಿಯೇ ಉಳಿಯಿತು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕಬ್ಬನ್ ಕೊಟ್ಟ ವಿನಾಯಿತಿ ಮಾತ್ರ ಹೊಸ ಕಾಯ್ದೆಯ 41ನೇ ಕಲಮಿನಡಿ ಮುಂದುವರಿಯಿತು. ಪಡೆಯುವವರು 'ಕೂರ್ಗ್ ರೇಸ್'ನವರು ಮತ್ತು ಜಮ್ಮಾ ಹಿಡುವಳಿದಾರರು. ಸೈನಿಕ ಸೇವೆಗೆ ಪ್ರತಿಯಾಗಿ ಬಂದ ಭೂಮಿಯೇ ಜಮ್ಮಾ. ಅದು ಬೇರೆ ಜಾತಿಯವರ ಬಳಿಯೂ ಇದೆ.

ಹುಟ್ಟಿನ ಆಧಾರದ ಈ ಸವಲತ್ತು ಸಮಾನತೆಗೆ ವಿರುದ್ಧವೆಂದು ನಿವೃತ್ತ ಸೇನಾಧಿಕಾರಿಯೊಬ್ಬರು ಹೈಕೋರ್ಟ್‌ಗೆ ಹೋದರು. 2021ರ ಸೆಪ್ಟೆಂಬರ್‌ನಲ್ಲಿ ಅರ್ಜಿ ವಜಾ ಆಯಿತು. ಸಮರ ಪರಂಪರೆಯ ಸಮುದಾಯ, ಹಳೆಯ ಸಂಪ್ರದಾಯ, ಷರತ್ತು ಮತ್ತು ಕಾಲಮಿತಿಯುಳ್ಳ ವಿನಾಯಿತಿ ಎಂಬುದು ನ್ಯಾಯಪೀಠದ ನಿಲುವು. ತೀರ್ಪು ಕಾನೂನಿಗೆ ಸರಿ. ಆದರೂ ಗಣರಾಜ್ಯದ ಕಡತದಲ್ಲಿ 'ರೇಸ್' ಎಂಬ ಬ್ರಿಟಿಷರ ಪದ ಕಣ್ಣಿಗೆ ಚುಚ್ಚುತ್ತದೆ. ಇಷ್ಟಾಗಿಯೂ ಇದು ಕಾಮತ್ ಕೇಳಿದ ಹಕ್ಕಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಲ್ಲಿ ಅದಕ್ಕೆ ಗಡುವೂ ಇದೆ: 2029ರ ಅಕ್ಟೋಬರ್ 31.