ಏರಿನ ಲೆಕ್ಕ



ಗಂಗಾವತಿಯ ಗದ್ದೆ ಬಯಲಿನ ಸಪಾಟು ರಸ್ತೆಯಲ್ಲಿ ಸೈಕಲ್ಲು ತುಳಿಯುವವರಿಗೆ ಏರಿನ ಚಿಂತೆ ಅಷ್ಟಾಗಿ ಇರುವುದಿಲ್ಲ. ಅದೇ ಸೈಕಲ್ಲು ಕುಷ್ಟಗಿ, ಯಲಬುರ್ಗಾ ಕಡೆಯ ದಿನ್ನೆ-ತಗ್ಗಿನ ದಾರಿಗೆ ಬಿದ್ದರೆ, ಇಲ್ಲವೆ ಕೊಪ್ಪಳದ ಸುತ್ತಿನ ಕಲ್ಲುಗುಡ್ಡಗಳ ಕಡೆ ಹೊರಳಿದರೆ ಮಾತೇ ಬೇರೆ. ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರನ್ನು ಅಲ್ಲಿ ಗಮನಿಸಿ. ಏರು ಶುರುವಾಗುವ ಮೊದಲೇ ಇಳಿದುಬಿಡುತ್ತಾರೆ. ಅರ್ಧಕ್ಕೆ ನಿಂತರೆ ತುಂಬಿದ ಕ್ಯಾನು ಹಿಂದಕ್ಕೆ ಜಗ್ಗುತ್ತದೆ, ಮತ್ತೆ ಹತ್ತಿ ತುಳಿಯುವುದು ಆಗದ ಮಾತು ಎಂದು ಅವರಿಗೆ ಗೊತ್ತು. ಅವರ ಹಿಂದೆ ಬರುವ ಶಾಲೆಯ ಹುಡುಗ ಮಾತ್ರ ಹಟ ಬಿಡುವುದಿಲ್ಲ. ಸೀಟು ಬಿಟ್ಟು ಎದ್ದು ನಿಂತು, ಇಡೀ ಮೈಭಾರವನ್ನು ಒಂದೊಂದೇ ಪೆಡಲಿನ ಮೇಲೆ ಹಾಕಿ, ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಓಲಾಡುತ್ತ ಹತ್ತುತ್ತಾನೆ. ಅಷ್ಟರಲ್ಲಿ ಕಾರೊಂದು ಹಾರನ್ ಹೊಡೆದು ಇಬ್ಬರನ್ನೂ ದಾಟಿ ದಿನ್ನೆಯಾಚೆ ಮರೆಯಾಗುತ್ತದೆ.

ಕಾರಿಗೆ ಲೆಕ್ಕಕ್ಕೇ ಇಲ್ಲದ ಏರು ಸೈಕಲ್ಲಿಗೆ ಯಾಕಿಷ್ಟು ದುಬಾರಿ?

ಬಯಲು ನಾಡಿನ ರಸ್ತೆಗಳಿಗೆ 30 ಮೀಟರು ಸಾಗಿದರೆ 1 ಮೀಟರು ಏರುವಷ್ಟು ಇಳಿಜಾರು ಇರಬಹುದು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡ ಹೇಳುತ್ತದೆ. ಕಾರಿನಲ್ಲಿ ಕೂತವರಿಗೆ ಅದು ಏರು ಅನ್ನಿಸುವುದೂ ಇಲ್ಲ. ಆದರೆ ಅಂಥ ರಸ್ತೆಯಲ್ಲಿ ಒಂದು ಕಿಲೋಮೀಟರು ಹೋದರೆ 33 ಮೀಟರು ಮೇಲೆ ಬಂದಿರುತ್ತೀರಿ. ತುಳಿಯುವವರ ತೂಕ 60 ಕಿಲೋ, ಸೈಕಲ್ಲು 20, ಹಾಲು 20 ಎಂದಿಟ್ಟುಕೊಳ್ಳಿ. ಒಟ್ಟು ಒಂದು ಕ್ವಿಂಟಾಲು. ಈ ಒಂದು ಕ್ವಿಂಟಾಲನ್ನು ಹನ್ನೊಂದು ಅಂತಸ್ತಿನ ಕಟ್ಟಡದ ಮಾಳಿಗೆಗೆ ಹೊತ್ತು ಹಾಕಿದಷ್ಟು ಕೆಲಸ ಅವರ ಎರಡು ಕಾಲುಗಳದ್ದು.

ಆ ಕಾಲುಗಳ ಶಕ್ತಿ ಎಷ್ಟು? ಸಾಧಾರಣ ಮನುಷ್ಯ ದಣಿಯದೆ ಒಂದಷ್ಟು ಹೊತ್ತು ಕೊಡಬಲ್ಲದ್ದು ಸುಮಾರು 100 ವ್ಯಾಟ್. ಸಪಾಟು ನೆಲದಲ್ಲಿ ಅಷ್ಟರಲ್ಲೇ ಗಂಟೆಗೆ 18 ಕಿಲೋಮೀಟರಿನಂತೆ ಹೋಗಬಹುದು. ಈ ಸಣ್ಣ ಏರಿನಲ್ಲಿ ಅದು 8ಕ್ಕೆ ಇಳಿಯುತ್ತದೆ. ಇನ್ನು ಕಾರು. ಜನರನ್ನೂ ಸೇರಿಸಿ ಸಣ್ಣ ಕಾರಿನ ತೂಕ ಸಾವಿರ ಕಿಲೋ, ಅಂದರೆ ಸೈಕಲ್ಲಿನ ಹತ್ತು ಪಟ್ಟು. ಅದರ 40 ಅಶ್ವಶಕ್ತಿಯ ಎಂಜಿನ್ನು ಕೊಡುವುದು ಸುಮಾರು 30 ಸಾವಿರ ವ್ಯಾಟ್, ಅಂದರೆ ಮುನ್ನೂರು ಪಟ್ಟು. ಗುಡ್ಡ ಯಾರಿಗೂ ಪಕ್ಷಪಾತ ಮಾಡುವುದಿಲ್ಲ, ಕಿಲೋಗೆ ಇಷ್ಟು, ಮೀಟರಿಗೆ ಇಷ್ಟು ಎಂದು ಎಲ್ಲರಿಂದಲೂ ಒಂದೇ ದರ ವಸೂಲಿ ಮಾಡುತ್ತದೆ. ಶಕ್ತಿ ಕೈಯಲ್ಲಿದ್ದವರು ನಿಮಿಷದಲ್ಲಿ ತೀರಿಸುತ್ತಾರೆ, ಇಲ್ಲದವರು ಹೊತ್ತು ಕೊಟ್ಟು ತೀರಿಸುತ್ತಾರೆ.

ಕಾರಿಗೂ ಒಂದು ದೌರ್ಬಲ್ಯವಿದೆ. ಅದರ ಎಂಜಿನ್ನು ಸಾಕಷ್ಟು ವೇಗದಲ್ಲಿ ತಿರುಗುತ್ತಿರಲೇಬೇಕು. ಕಡಿದಾದ ಏರನ್ನು ಟಾಪ್ ಗೇರಿನಲ್ಲೇ ಹತ್ತಿಸಲು ಹೋದರೆ ಗಡಗಡ ನಡುಗಿ ಬಂದ್ ಆಗುತ್ತದೆ. ಅದಕ್ಕೇ ಡ್ರೈವರು ಗೇರು ಇಳಿಸುತ್ತಾನೆ. ವೇಗ ಕಳೆದುಕೊಂಡು ಎಳೆತ ಪಡೆಯುವ ವ್ಯವಹಾರ ಅದು. ನಮ್ಮ ಹಳ್ಳಿಗಳ ಕರಿ ಸೈಕಲ್ಲಿಗೆ ಇರುವುದು ಒಂದೇ ಗೇರು. ಪೆಡಲು ಒಂದು ಸುತ್ತು ಬಂದರೆ ಐದು ಮೀಟರಿಗೂ ಹೆಚ್ಚು ದೂರ ಹೋಗಲೇಬೇಕು, ಏರಿದ್ದರೂ ಅಷ್ಟೇ, ಇಳಿಜಾರಿದ್ದರೂ ಅಷ್ಟೇ. ಹಾಗಾಗಿ ಹಾಲಿನವರು ಇಳಿದು ನೂಕುವುದು ಸೋಲಲ್ಲ, ಅದು ಆ ಸೈಕಲ್ಲಿನ ಎರಡನೆಯ ಗೇರು. ಹುಡುಗನ ಓಲಾಟದಲ್ಲೂ ಬುದ್ಧಿಯಿದೆ. ದಾರಿ ಉದ್ದವಾದಷ್ಟೂ ಏರು ಸಡಿಲಾಗುತ್ತದೆ. ವಾಹನ ಓಡಾಡುವ ರಸ್ತೆಯಲ್ಲಿ ಮಾತ್ರ ಅದು ಪ್ರಾಣಕ್ಕೆ ಕುತ್ತು.

ಬದುಕಿನ ಏರುಗಳೂ ಹೀಗೇ. ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ರಾಜ್ಯಕ್ಕೆಲ್ಲ ಒಂದೇ. ಆದರೆ ಮನೆಯಲ್ಲಿ ಮೊದಲ ಬಾರಿಗೆ ಶಾಲೆಯ ಮೆಟ್ಟಿಲು ಹತ್ತಿದ ಮಗುವಿನ ಹಿಂದೆ ಎಷ್ಟು ಅಶ್ವಶಕ್ತಿ ಇರುತ್ತದೆ? 2006-07ರಲ್ಲಿ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡತೊಡಗಿದಾಗ, 2013ರಲ್ಲಿ ಸಂವಿಧಾನದ 98ನೆಯ ತಿದ್ದುಪಡಿಯಿಂದ 371ಜೆ ವಿಧಿ ಸೇರಿ ಕೊಪ್ಪಳವೂ ಸೇರಿದಂತೆ ನಮ್ಮ ಭಾಗಕ್ಕೆ ಓದಿನಲ್ಲಿ, ನೌಕರಿಯಲ್ಲಿ ಮೀಸಲು ದೊರೆತಾಗ, ‘ಇವರಿಗೆಲ್ಲ ಪುಕ್ಕಟೆ’ ಎಂದವರಿದ್ದಾರೆ. ಆದರೆ ಇವು ಗೇರುಗಳಿದ್ದಂತೆ. ಗೇರು ಎಂದೂ ಗುಡ್ಡವನ್ನು ತಗ್ಗಿಸುವುದಿಲ್ಲ. ಹತ್ತಬೇಕಾದ ಎತ್ತರ ಅಷ್ಟೇ ಇರುತ್ತದೆ, ತುಳಿಯಬೇಕಾದವರೇ ತುಳಿಯುತ್ತಾರೆ. ತುಳಿದದ್ದು ವ್ಯರ್ಥವಾಗದಂತೆ ಮಾಡುವುದಷ್ಟೇ ಗೇರಿನ ಕೆಲಸ.

ಕಡಿದಾದ ಇಕ್ಕಟ್ಟು ರಸ್ತೆಯಲ್ಲಿ ಇಳಿಯುವ ವಾಹನ ಏರುವ ವಾಹನಕ್ಕೆ ದಾರಿ ಬಿಡಬೇಕು ಎಂದು ನಮ್ಮ ರಸ್ತೆ ನಿಯಮವೇ ಹೇಳುತ್ತದೆ. ಏರುವವರ ಕಷ್ಟ ಅರಿತು ಮಾಡಿದ ನಿಯಮ ಅದು. ಇವತ್ತು ಕಾರು, ಬೈಕು ಹತ್ತಿ ಹೊರಡುವವರಲ್ಲಿ ಒಂದು ಕೋರಿಕೆ. ಏರಿನಲ್ಲಿ ಸೈಕಲ್ಲು ನೂಕುತ್ತಿರುವವರು ಕಂಡರೆ ಹಾರನ್ ಹೊಡೆಯಬೇಡಿ. ವೇಗ ತಗ್ಗಿಸಿ, ನಾಲ್ಕು ಅಡಿ ಜಾಗ ಬಿಟ್ಟು ಮುಂದೆ ಹೋಗಿ. ನಿಮಗೆ ಅದರಿಂದ ತಡವಾಗುವುದು ಕೆಲವೇ ಸೆಕೆಂಡು.